ಗಾಂಜಾ ಸೇದಿದ ಮೇಲೆ ನಾನು ನಾನಲ್ಲ ಅನಿಸುತ್ತಿದೆ. ಹುಚ್ಚು ಹಿಡಿಯುತ್ತಿದೆಯಾ?

ನೀವು ಬರೆದದ್ದು ನೋಡಿದರೆ ಹಾಗೆ ಕಾಣುವುದಿಲ್ಲ. ಗೆಳೆಯರ ರೂಮಿನಲ್ಲಿ ಸೇದಿದಿರಿ, ಎದೆ ಡವಡವ ಅಂದಿತು, ಆವತ್ತಿನಿಂದ ಕೈಕಾಲು ನಿಮ್ಮದಲ್ಲ, ಕನ್ನಡಿಯಲ್ಲಿರುವುದು ಬೇರೆ ಯಾರೋ ಅನಿಸುತ್ತಿದೆ. ಆದರೆ ಅದು ನಿಜವಲ್ಲ ಅಂತಲೂ ನಿಮಗೆ ಗೊತ್ತಿದೆ, ಅಲ್ವಾ? ನಿಜ ಯಾವುದು, ಭ್ರಮೆ ಯಾವುದು ಅಂತ ತಿಳಿಯದಾಗುವ ಸೈಕೋಸಿಸ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಅದೇ. ಇದನ್ನು ಡಿಪರ್ಸನಲೈಸೇಶನ್ ಅಂತಾರೆ. ಸ್ವಲ್ಪ ಹೊತ್ತು ಹೀಗಾಗುವುದು ತುಂಬಾ ಜನರಿಗೆ ಇದೆ. ಕಾಯಿಲೆಯ ಮಟ್ಟಕ್ಕೆ ಹೋಗುವುದು 100ರಲ್ಲಿ ಒಬ್ಬಿಬ್ಬರಿಗೆ.

ನಾನು ಡಾಕ್ಟರಲ್ಲ. ಆದರೆ ಗಾಂಜಾ ಮುಟ್ಟದೆಯೇ ಇದನ್ನು ಅನುಭವಿಸಿದವನು. ನೈಟ್ ಶಿಫ್ಟ್, ನಿದ್ದೆಗೇಡು, ಮೇಲಿಂದ ಪ್ಯಾನಿಕ್ ಅಟ್ಯಾಕ್. ಹಾಗಾಗಿ ಎಲ್ಲವನ್ನೂ ಗಾಂಜಾ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಗಾಂಜಾ, ಕೆಟಮಿನ್, ಎಲ್‌ಎಸ್‌ಡಿ ಇದನ್ನು ಶುರು ಮಾಡಿಸಬಹುದು. ನಶೆ ಇಳಿದಾಗ ಸಾಮಾನ್ಯವಾಗಿ ಇದೂ ಇಳಿಯುತ್ತದೆ. ಹಾಗೇ ಉಳಿದುಬಿಟ್ಟವರಲ್ಲಿ ಹಲವರಿಗೆ ಆತಂಕ, ಖಿನ್ನತೆ ಇರುತ್ತದೆ. ಕೆಲವರಿಗೆ ಚಿಕ್ಕಂದಿನಲ್ಲಿ ಮನೆಯಲ್ಲೇ ಪಟ್ಟ ಪಾಡು.

ಭಯ ಮಿತಿ ಮೀರಿದಾಗ ಮಿದುಳು ಭಾವನೆಗಳನ್ನು ತಗ್ಗಿಸಿಬಿಡುತ್ತದೆ ಅನ್ನುವುದು ತಜ್ಞರ ಒಂದು ವಿವರಣೆ. ಅಪಘಾತವಾದವರು ‘ಬೇರೆ ಯಾರಿಗೋ ಆದ ಹಾಗಿತ್ತು’ ಅನ್ನುತ್ತಾರಲ್ಲ, ಹಾಗೆ. ಕಷ್ಟ ಇರುವುದು ಆಮೇಲೆ. ಆ ಮರಗಟ್ಟಿದ ಸ್ಥಿತಿಗೇ ನಾವು ಹೆದರುತ್ತೇವೆ, ಹೆದರಿದಷ್ಟೂ ಅದು ಜಾಸ್ತಿ. ಹೋಯಿತಾ ಇದೆಯಾ ಅಂತ ಗಳಿಗೆಗೊಮ್ಮೆ ಕೈ ನೋಡಿಕೊಳ್ಳುವುದು, ಕನ್ನಡಿ ಮುಂದೆ ನಿಲ್ಲುವುದು, ರಾತ್ರಿಯೆಲ್ಲಾ ಗೂಗಲ್. ಈ ಪರೀಕ್ಷೆ ಬಿಟ್ಟಿದ್ದು, ನಿದ್ದೆ ಸರಿಹೋದದ್ದು, ಇವೆರಡೇ ನನಗೆ ಹೆಚ್ಚು ಉಪಕಾರ ಮಾಡಿದ್ದು. ಹೋದದ್ದೂ ಒಂದೇ ಸಲಕ್ಕಲ್ಲ. ಮೊದಲು ಊಟ ರುಚಿಸಿತು, ಆಮೇಲೆ ಹಾಡು ಹಿಡಿಸಿತು.

ಇದಕ್ಕೇ ಅಂತ ಮಾತ್ರೆ ಇಲ್ಲ. ಜೊತೆಗಿರುವ ಆತಂಕಕ್ಕೆ, ಖಿನ್ನತೆಗೆ ಕೊಡುತ್ತಾರೆ. ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆಯೂ ಇದೆ. ಫಿಟ್ಸ್, ಮೈಗ್ರೇನ್ ಇದ್ದವರಿಗೂ ಹೀಗಾಗಬಹುದು, ಅದಕ್ಕೇ ಒಮ್ಮೆ ತೋರಿಸಿಕೊಳ್ಳಿ. ಡಾಕ್ಟರ ಹತ್ತಿರ ಗಾಂಜಾ ವಿಷಯ ಮುಚ್ಚಿಡಬೇಡಿ. ನೇರ ಹೋಗಲು ಮುಜುಗರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ‘ಇನ್ನೊಂದು ದಮ್ ಎಳಿ, ಸರಿಹೋಗುತ್ತೆ’ ಅನ್ನುವ ಗೆಳೆಯನಿಗೆ ಮಾತ್ರ ಕಿವಿಗೊಡಬೇಡಿ.

ಇಲ್ಲದ ದನಿ ಕೇಳಿಸಿದರೆ, ಯಾರೋ ಹಿಂದೆ ಬಿದ್ದಿದ್ದಾರೆ ಅಂತ ನಂಬಿಕೆ ಹುಟ್ಟಿದರೆ, ಸಾಯಬೇಕು ಅನಿಸಿದರೆ ಅವತ್ತೇ ಆಸ್ಪತ್ರೆಗೆ ಹೋಗಿ.