“ಅವರಪ್ಪನ ಥರಾನೇ” ಅನ್ನಿಸಿಕೊಂಡ ಹುಡುಗ

ಗುರುತು ಸಿಗುವ ವಿವರಗಳನ್ನೆಲ್ಲ ಬದಲಾಯಿಸಿದ್ದೇನೆ. ಹುಡುಗನನ್ನು ಕಿರಣ ಅಂತ ಕರೆಯೋಣ. ಒಂಬತ್ತು ವರ್ಷ, ನಾಲ್ಕನೇ ಕ್ಲಾಸು, ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ಅಪ್ಪ ಬೆಂಗಳೂರಿನಲ್ಲಿ ಗಾಡಿ ಓಡಿಸುತ್ತಿದ್ದವರು, ಅಲ್ಲೇ ಇನ್ನೊಂದು ಸಂಸಾರ ಹೂಡಿ ಊರ ಕಡೆ ತಲೆ ಹಾಕೋದನ್ನೇ ಬಿಟ್ಟರು. ಅಮ್ಮ ಮಗನನ್ನು ಕರೆದುಕೊಂಡು ತವರಿಗೆ ಬಂದು ಗಾರ್ಮೆಂಟ್ಸ್ ಸೇರಿದ್ದಾರೆ. ಮದ್ದೂರು, ಶ್ರೀರಂಗಪಟ್ಟಣದ ಕಡೆಯವರಿಗೆ ಆ ವ್ಯಾನುಗಳು ಗೊತ್ತಿರುತ್ತವೆ. ಮಕ್ಕಳು ಕಣ್ಣುಜ್ಜಿಕೊಂಡು ಏಳೋ ಹೊತ್ತಿಗೆ ಹೆಂಗಸರನ್ನು ತುಂಬಿಕೊಂಡು ಹೋದರೆ ವಾಪಸ್ ಬಿಡೋದು ಕತ್ತಲಾದ ಮೇಲೆಯೇ. ಹಾಗಾಗಿ ಹುಡುಗ ದಿನವೆಲ್ಲ ಅಜ್ಜಿ ಜೊತೆ.

ಶಾಲೆಯ ಮೇಷ್ಟ್ರು ಒತ್ತಾಯ ಮಾಡಿ ಆಪ್ತಸಲಹೆಗೆ ಅಂತ ನನ್ನ ಹತ್ತಿರ ಕಳಿಸಿದ್ದರು. ಎಂದೋ ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡೋದು ಮತ್ತೆ ಶುರುವಾಗಿತ್ತು. ಕ್ಲಾಸಲ್ಲಿ ಹೊಡೆದಾಟ. ಮನೆಯಲ್ಲಿ ಡಬ್ಬಿಗೆ ಹಾಕಿಟ್ಟ ದುಡ್ಡು ಮಾಯ. ಅಜ್ಜಿ ಕೂತವರೇ ಶುರು ಮಾಡಿದರು: “ಅವರಪ್ಪನ್ ರಕ್ತ ಕಣವ್ವ, ಎಲ್ಲೋಯ್ತದೆ? ಅದೇ ಸುಳ್ಳು, ಅದೇ ಕಳ್ತನ, ಮುಖಾನೂ ಅದೇ.” ಹುಡುಗ ಪಕ್ಕದಲ್ಲೇ ಕೂತಿದ್ದ. ಅಮ್ಮ ತಲೆ ತಗ್ಗಿಸಿದ್ದರು, ಆದರೆ ಬೇಡ ಅನ್ನಲಿಲ್ಲ.

ಅವನ ಜೊತೆ ಒಬ್ಬಳೇ ಕೂತಾಗ ನಾನು ಅಪ್ಪನ ವಿಷಯ ಎತ್ತಲೇ ಇಲ್ಲ. ಮನೆಯ ಮೇಕೆಮರಿ, ಕಬಡ್ಡಿ, ಆಲೆಮನೆಯಲ್ಲಿ ಬಿಸಿ ಬೆಲ್ಲ ತಿಂದು ನಾಲಿಗೆ ಸುಟ್ಟುಕೊಂಡಿದ್ದು, ಹೀಗೇ ಸುಮ್ನೆ ಮಾತು. ಮುಂದಿನ ಸಲ ಬಂದಾಗ ಅವನೇ ಕೇಳಿದ: “ಮೇಡಂ, ನಾನೂ ದೊಡ್ಡವನಾದ್ಮೇಲೆ ಅವ್ವನ್ನ ಬಿಟ್ಟು ಓಡೋಗ್ತೀನಾ?”

ಇಡೀ ಪ್ರಕರಣ ಈ ಪ್ರಶ್ನೆಯಲ್ಲೇ ಇದೆ. ದೊಡ್ಡವರು ಬೈಯೋದು ಬಿಟ್ಟುಹೋದ ಗಂಡನನ್ನು, ಅಳಿಯನನ್ನು. ಆದರೆ ಆತ ಕೇಳಿಸಿಕೊಳ್ಳೋಕೆ ಅಲ್ಲಿಲ್ಲ. ಕೇಳಿಸಿಕೊಳ್ಳುವವನು ಮಗ. “ನಿನ್ನ ಮುಖ ಅವನದೇ, ರಕ್ತ ಅವನದೇ, ಅವನು ಕೆಟ್ಟವನು” ಅಂತ ದಿನಾ ಕೇಳಿದ ಮಗು ‘ಹಾಗಾದರೆ ನಾನೂ ಕೆಟ್ಟವನೇ’ ಅನ್ನೋ ಮಾತನ್ನು ತಾನೇ ಸೇರಿಸಿಕೊಳ್ಳುತ್ತದೆ. ಈ ವಯಸ್ಸಲ್ಲಿ ‘ನಾನು ಎಂಥವನು’ ಅನ್ನೋದು ಮನೆಯವರು ಹೇಳಿದ್ದರಿಂದಲೇ ಹೆಚ್ಚಾಗಿ ಗಟ್ಟಿಯಾಗೋದು. ಇನ್ನೊಂದು ವಿಷಯ. ಅಪ್ಪ ಹೋಗಿದ್ದು ತನ್ನಿಂದಲೇ ಅಂತಲೂ ಅವನು ನಂಬಿದ್ದ. ಹೋಗುವ ಮುಂಚೆ ಅವನ ಸ್ಕೂಲ್ ಖರ್ಚಿನ ವಿಷಯಕ್ಕೇ ಗಂಡ ಹೆಂಡತಿ ಜಗಳವಾಗಿತ್ತಂತೆ. ಅಪ್ಪ ಅಮ್ಮ ದೂರವಾದಾಗ ಮಕ್ಕಳು ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಳ್ಳೋದು ತುಂಬ ಸಾಮಾನ್ಯ, ಬಾಯಿಬಿಟ್ಟು ಹೇಳೋದು ಮಾತ್ರ ಅಪರೂಪ. ಡಬ್ಬಿಯ ದುಡ್ಡು ಹೋಗಿದ್ದು ಅಜ್ಜಿಯ ಮೊಬೈಲಿಗೆ ರೀಚಾರ್ಜ್ ಮಾಡಿಸಿ ಅಪ್ಪನ ಹಳೇ ನಂಬರಿಗೆ ಫೋನ್ ಹಚ್ಚೋಕೆ. ಆ ನಂಬರ್ ಚಾಲ್ತಿಯಲ್ಲೇ ಇಲ್ಲ.

ಅಮ್ಮನಿಗೆ ಹೇಳಿದ ಮೊದಲ ಮಾತು, ಮಗನಿಗೆ ನಿಜ ಹೇಳಿ ಅಂತ. ಅಲ್ಲಿವರೆಗೂ “ಅಪ್ಪ ಡ್ಯೂಟಿ ಮೇಲೆ ಹೋಗಿದ್ದಾರೆ” ಅಂತಲೇ ನಡೀತಿತ್ತು, ಊರಿಗೆಲ್ಲ ಗೊತ್ತಿದ್ದರೂ. ಉದ್ದ ಕತೆ ಬೇಡ. “ಅಪ್ಪ ಬೇರೆ ಮನೇಲಿ ಇದ್ದಾರೆ. ನಮ್ಮ ಜೊತೆ ಇರೋಕೆ ವಾಪಸ್ ಬರಲ್ಲ. ಅದು ದೊಡ್ಡವರ ಮಧ್ಯದ ವಿಷಯ, ನಿನ್ನಿಂದ ಆಗಿದ್ದಲ್ಲ.” ಇಷ್ಟು ಸಾಕು, ಆದರೆ ಒಂದು ಸಲ ಹೇಳಿ ಮುಗಿಸೋದಲ್ಲ, ಅವನು ಕೇಳಿದಾಗಲೆಲ್ಲ ಹೇಳಬೇಕು. “ಹಂಗಾದ್ರೆ ಆ ಮನುಷ್ಯನ್ನ ಹೊಗಳ್ಬೇಕಾ ಮೇಡಂ?” ಅಂತ ಸಿಟ್ಟಲ್ಲೇ ಕೇಳಿದರು. ನ್ಯಾಯವಾದ ಸಿಟ್ಟು. ಹೊಗಳಬೇಕಿಲ್ಲ. ಕೋಪ ಇದ್ದರೆ ಇದೆ ಅನ್ನಿ, ಆದರೆ ಆ ಕೋಪ ನಿನ್ನ ಮೇಲಲ್ಲ ಅಂತಲೂ ಅನ್ನಿ.

ಅಜ್ಜಿ ಸುಲಭದ ಆಸಾಮಿ ಅಲ್ಲ. ಉಪದೇಶ ಮಾಡಿದ್ದರೆ ಎದ್ದು ಹೋಗುತ್ತಿದ್ದರು. ಅದಕ್ಕೇ ಕೇಳಿದೆ, ಇವನಲ್ಲಿ ನಿಮ್ಮ ಗುಣ ಏನೂ ಬಂದಿಲ್ವಾ ಅಜ್ಜಿ? ಮೇಕೆ ಈದಾಗ ರಾತ್ರಿಯೆಲ್ಲ ಪಕ್ಕದಲ್ಲೇ ಕೂತಿದ್ದ, ಅದು ನಂದೇ ಗುಣ ಅಂದರು. ಹಾಗಾದರೆ ಅದನ್ನೂ ಅವನಿಗೆ ಕೇಳೋ ಹಾಗೆ ಹೇಳಿ ಅಂದೆ. ಬೈಯಬೇಡಿ ಅನ್ನಲಿಲ್ಲ. ದುಡ್ಡು ತೆಗೆದರೆ “ಕೇಳದೆ ತೆಗೆದದ್ದು ತಪ್ಪು” ಅನ್ನಿ, ಅಲ್ಲಿಗೇ ನಿಲ್ಲಿಸಿ, ಅವರಪ್ಪನವರೆಗೂ ಹೋಗಬೇಡಿ.

ಹಾಸಿಗೆ ವಿಷಯಕ್ಕೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿದೆವು, ಸೋಂಕು ಅಥವಾ ಸಕ್ಕರೆ ಇದ್ದರೆ ಗೊತ್ತಾಗಲಿ ಅಂತ. ಏನೂ ಇರಲಿಲ್ಲ. ಕೇಳುತ್ತಾ ಹೋದರೆ ಗೊತ್ತಾಯಿತು, ಟಾಯ್ಲೆಟ್ ಇರೋದು ಹಿತ್ತಲಲ್ಲಿ, ಕತ್ತಲಲ್ಲಿ ಹೋಗೋಕೆ ಭಯ. ಒಂದು ಟಾರ್ಚು, ಮಲಗೋ ಮುಂಚೆ ಅಮ್ಮನ ಜೊತೆ ಒಂದು ಸಲ ಹೋಗಿ ಬರೋದು, ಒದ್ದೆಯಾದರೆ ಗದ್ದಲವಿಲ್ಲದೆ ಬಟ್ಟೆ ಬದಲಾಯಿಸೋದು, ಮತ್ತೆ ನೆಂಟರ ಮುಂದೆ ಅದನ್ನು ತಮಾಷೆ ಮಾಡದಿರೋದು.

ಮಕ್ಕಳಿಗೆ ಸಮಯ ಕೊಡಿ ಅಂತ ಎಲ್ಲರೂ ಬರೀತಾರೆ. ಇಡೀ ದಿನ ಮಿಷನ್ ಮುಂದೆ ದುಡಿದು ಬಂದು ಒಲೆ ಹಚ್ಚುವ ಹೆಂಗಸಿಗೆ ಅದನ್ನು ಹೇಳೋಕೆ ನನಗೆ ಮುಜುಗರ. ಸೊಪ್ಪು ಬಿಡಿಸುವಾಗ ಅವನನ್ನೂ ಪಕ್ಕಕ್ಕೆ ಕೂರಿಸಿಕೊಳ್ಳಿ, ಇವತ್ತು ಏನಾಯ್ತು ಅಂತ ಕೇಳಿ, ಮಾರ್ಕ್ಸ್ ಮಾತ್ರ ಕೇಳಬೇಡಿ ಅಂದೆ. ಮೇಷ್ಟ್ರಿಗೂ ಒಂದು ಮಾತು, “ಅಪ್ಪನ್ನ ಕರ್ಕೊಂಡು ಬಾ” ಬದಲು “ಮನೆಯವರನ್ನ ಕರ್ಕೊಂಡು ಬಾ” ಅನ್ನಿ ಅಂತ. ತಕ್ಷಣ ಒಪ್ಪಿದರು.

ದುಡ್ಡಿನ ಕಡೆ ಹೆಚ್ಚು ಸಹಾಯ ಸಿಗಲಿಲ್ಲ. ಗಂಡ ಬದುಕಿದ್ದಾನೆ, ಹಾಗಾಗಿ ವಿಧವಾ ವೇತನ ಇಲ್ಲ. ಮಕ್ಕಳ ರಕ್ಷಣೆಗಿರುವ ಕೇಂದ್ರ ಸರ್ಕಾರದ ಯೋಜನೆ ‘ಮಿಷನ್ ವಾತ್ಸಲ್ಯ’ದಲ್ಲಿ ಗಂಡ ಬಿಟ್ಟುಹೋದ ತಾಯಂದಿರ ಮಕ್ಕಳಿಗೂ ತಿಂಗಳಿಗೆ 4,000 ರೂಪಾಯಿ ನೆರವು (ಪ್ರಾಯೋಜಕತ್ವ) ಇದೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಹಾಕಬೇಕು, ಆದರೆ ಹಳ್ಳಿಯಲ್ಲಿ ವರ್ಷದ ಆದಾಯ 72,000 ದಾಟಬಾರದು. ಗಾರ್ಮೆಂಟ್ಸ್ ಸಂಬಳ ಅದನ್ನು ದಾಟುತ್ತದೆ. ದುಡಿಯೋಕೆ ಹೋಗಿದ್ದೇ ತಪ್ಪಾಯ್ತು ಅನ್ನೋ ಥರದ ಮಿತಿ ಇದು, ನನಗಂತೂ ಸರಿ ಕಾಣಲ್ಲ. ಉಳಿದದ್ದು ಜೀವನಾಂಶ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ. ಕೋರ್ಟು ಅಂದರೆ ಅವರಿಗೆ ಅಂಜಿಕೆ, ಇನ್ನೂ ಮನಸ್ಸು ಮಾಡಿಲ್ಲ.

ಈಗ ಹಾಸಿಗೆ ಒದ್ದೆಯಾಗೋದು ಕಡಿಮೆಯಾಗಿದೆ, ನಿಂತಿಲ್ಲ. ಹೊಡೆದಾಟವೂ ಅಷ್ಟೇ. ಅಜ್ಜಿ ಆಗಾಗ ಬಾಯಿ ಜಾರುತ್ತಾರೆ, ಆಗ ಅಮ್ಮ “ಅವ್ವಾ, ಸಾಕು” ಅನ್ನುತ್ತಾರಂತೆ. ನಿಜ ಹೇಳಿದ ಮೇಲೆ ಕಿರಣ ಒಂದಷ್ಟು ದಿನ ಜಾಸ್ತಿ ಅತ್ತ, ಜಾಸ್ತಿ ಹಟ ಮಾಡಿದ. ಅದಕ್ಕೆ ಹೆದರಿ ಮತ್ತೆ ಸುಳ್ಳಿನ ಕಡೆ ತಿರುಗಬೇಡಿ. ಆದರೆ ಮಗು ಊಟ ಬಿಟ್ಟರೆ, ತನಗೆ ತಾನೇ ನೋವು ಮಾಡಿಕೊಂಡರೆ, ಸಾಯೋ ಮಾತಾಡಿದರೆ ಕಾಯಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.