ಚೀನಾಕ್ಕೆ ಹೋದ ಮಾರ ದೆವ್ವವಾದದ್ದು ಹೇಗೆ?

ಪ್ರಶ್ನೆ: ಮಗಳ ಜೊತೆ ಕೂತು ಜಪಾನಿ ಕಾರ್ಟೂನ್ ನೋಡ್ತೀನಿ. ‘ಅಕುಮ’ ಅಂದರೆ ಸೈತಾನ, ‘ಮಹೋ’ ಅಂದರೆ ಮಂತ್ರವಿದ್ಯೆ, ‘ಮಜೊ’ ಅಂದರೆ ಮಾಟಗಾತಿ. ಮೂರರಲ್ಲೂ ‘ಮ’ ಎಂದು ಓದುವ ಒಂದೇ ಚೀನೀ ಅಕ್ಷರ ಇದೆಯಂತೆ, ಅದು ನಮ್ಮ ಸಂಸ್ಕೃತದಿಂದ ಹೋದದ್ದಂತೆ. ನಿಜವಾ?
– ಓದುಗರೊಬ್ಬರು, ಹಾಸನ

ಉತ್ತರ: ಅರ್ಧ ನಿಜ. ಹೆಸರು ಇಲ್ಲಿಂದ ಹೋಯಿತು, ಅಕ್ಷರವನ್ನು ಅವರೇ ಕಟ್ಟಿಕೊಂಡರು.

ಬೋಧಿ ಮರದ ಕೆಳಗೆ ಕೂತ ಬುದ್ಧನನ್ನು ಎಬ್ಬಿಸಲು ಸೈನ್ಯ, ಹೆಣ್ಣುಮಕ್ಕಳು ಎಲ್ಲರನ್ನೂ ಕರೆದುಕೊಂಡು ಬಂದನಲ್ಲ, ಆ ಮಾರನೇ ಈ ‘ಮ’. ಕ್ರಿಸ್ತಶಕ 2ನೇ ಶತಮಾನದಿಂದ ಬೌದ್ಧ ಗ್ರಂಥಗಳು ಚೀನೀ ಭಾಷೆಗೆ ಹೋಗತೊಡಗಿದಾಗ ಅನುವಾದಕರಿಗೆ ದೊಡ್ಡ ತಲೆನೋವಾದದ್ದು ಹೆಸರುಗಳು. ನಮ್ಮಲ್ಲಾದರೆ ಯಾವ ಊರಿನ ಹೆಸರನ್ನಾದರೂ ಕೇಳಿದ ಹಾಗೆ ಬರೆದುಬಿಡುತ್ತೇವೆ. ಚೀನೀ ಬರಹದಲ್ಲಿ ಹಾಗಾಗುವುದಿಲ್ಲ, ಅಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಉಚ್ಚಾರಣೆ, ಜೊತೆಗೆ ಒಂದು ಅರ್ಥ. ಹಾಗಾಗಿ ದನಿ ಹತ್ತಿರ ಇರುವ ಅಕ್ಷರ ಹುಡುಕಿ ಅರ್ಥವನ್ನು ಪಕ್ಕಕ್ಕಿಡಬೇಕು. ಮಾರನಿಗೆ ಅವರು ಮೊದಲು ಹಿಡಿದದ್ದು ‘ಅರೆ, ಮಸೆ’ ಎಂಬ ಅರ್ಥದ ಅಕ್ಷರ. ಆಗ ಅದರ ಉಚ್ಚಾರಣೆ ಹೆಚ್ಚುಕಡಿಮೆ ‘ಮ್ವಾ’. ಅದರ ಮೇಲ್ಭಾಗದಲ್ಲಿ ಸೂರಿನ ಕೆಳಗೆ ಎರಡು ಸೆಣಬಿನ ಗಿಡ, ಕೆಳಗೆ ಕಲ್ಲು. ಸೆಣಬು ಅಲ್ಲಿರುವುದು ದನಿ ತೋರಿಸಲು ಮಾತ್ರ. ಅರ್ಥ ಕಲ್ಲಿನದು.

ಆಮೇಲೆ ಯಾರೋ ಆ ಕಲ್ಲನ್ನು ತೆಗೆದು ಅಲ್ಲಿ ‘ದೆವ್ವ’ ಎಂಬ ಅಕ್ಷರ ಕೂರಿಸಿದರು. ಇದು ಬಹಳ ಹಳೆಯ ಅಕ್ಷರ. ಮೂರು ಸಾವಿರ ವರ್ಷಕ್ಕೂ ಹಿಂದೆ ಶಕುನ ಕೇಳಲು ಬಳಸುತ್ತಿದ್ದ ಮೂಳೆಗಳ ಮೇಲೆ ಅದು ಮನುಷ್ಯನ ಮೈ, ವಿಚಿತ್ರವಾದ ದೊಡ್ಡ ತಲೆ ಇರುವ ಚಿತ್ರವಾಗಿ ಕಾಣುತ್ತದೆ. ಸೆಣಬಿನಿಂದ ದನಿ, ದೆವ್ವದಿಂದ ಅರ್ಥ, ಹೊಸ ಅಕ್ಷರ ತಯಾರು.

ಕಲ್ಲು ತೆಗೆಸಿದವನು ಲ್ಯಾಂಗ್ ವಂಶದ ಚಕ್ರವರ್ತಿ ವೂ (ಆಳ್ವಿಕೆ 502–549) ಎಂದು 8ನೇ ಶತಮಾನದ ಭಿಕ್ಷು ಝಾನ್‌ರಾನ್ ಬರೆದಿಟ್ಟಿದ್ದಾನೆ. ಮಾರ ಜನರನ್ನು ಕಾಡುವವನು, ಅವನಿಗೆ ಕಲ್ಲು ಯಾಕೆ, ದೆವ್ವವೇ ಸರಿ ಅನ್ನುವ ವಾದ. ವೂ ಬುದ್ಧನ ಪರಮ ಭಕ್ತ, ಆದ್ದರಿಂದ ಕತೆ ಅವನಿಗೆ ಚೆನ್ನಾಗಿಯೇ ಒಪ್ಪುತ್ತದೆ. ಒಪ್ಪುವುದು ಸ್ವಲ್ಪ ಜಾಸ್ತಿಯೇ ಆಯಿತೇನೋ ಅಂತ ನನ್ನ ಅನುಮಾನ. ಇಂಥ ಬದಲಾವಣೆ ಸಾಮಾನ್ಯವಾಗಿ ಪ್ರತಿ ಬರೆಯುವವರ ಕೈಯಲ್ಲಿ ಆಗುತ್ತದೆ, ಹೆಸರು ರಾಜನಿಗೆ ಹೋಗುತ್ತದೆ.

ಇನ್ನೊಂದು ತಮಾಷೆ ನೋಡಿ. ಅಮರಕೋಶದಲ್ಲಿ ಮನ್ಮಥನ ಹೆಸರುಗಳ ಸಾಲಿನಲ್ಲಿ ಮಾರ ಇದ್ದಾನೆ, ಬುದ್ಧನ ಹೆಸರುಗಳ ಸಾಲಿನಲ್ಲಿ ‘ಮಾರಜಿತ್’ ಇದೆ. ನಮ್ಮ ಕಾವ್ಯಗಳಲ್ಲಿ ಮಾರ ಅಂದರೆ ಹೂಬಾಣದ ಚೆಲುವ. ಚೀನಾಕ್ಕೆ ಹೋದದ್ದು ಅವನ ಬೌದ್ಧ ರೂಪ ಮಾತ್ರ. ಹೂಬಾಣ ಇಲ್ಲೇ ಉಳಿಯಿತು.

ಪ್ರಶ್ನೆ: ಇಲ್ಲಿ ಬೇರೆಯವರ ಮನೆಯೊಳಗೆ ಕಾಲಿಡುವಾಗ ‘ಒಜಮ ಶಿಮಸು’ ಅನ್ನಬೇಕು. ಅದರಲ್ಲೂ ಇದೇ ದೆವ್ವ ಇದೆ ಎಂದು ಸಹೋದ್ಯೋಗಿ ಹೇಳಿ ನಕ್ಕರು. ಹೌದಾ?
– ಒಸಾಕಾದಲ್ಲಿರುವ ಕನ್ನಡಿಗರು

ಉತ್ತರ: ಹೌದು. ‘ಜಮ’ ಎರಡು ಅಕ್ಷರದ ಪದ: ವಕ್ರ, ಮಾರ. ಮೊದಲಿಗೆ ಅದು ಸಾಧನೆಗೆ ಅಡ್ಡ ಬರುವ ದುಷ್ಟಶಕ್ತಿಯ ಹೆಸರು. ಜಪಾನಿನಲ್ಲಿ ದುಷ್ಟಶಕ್ತಿ ಬಿಟ್ಟುಹೋಗಿ ‘ಅಡ್ಡಿ’ ಎಂಬ ಅರ್ಥ ಉಳಿಯಿತು. ಮನೆಯೊಳಗೆ ಹೋಗುವಾಗ ನೀವು ಹೇಳುವುದು ‘ನಿಮಗೆ ತೊಂದರೆ ಕೊಡ್ತಾ ಇದ್ದೀನಿ’ ಅಂತ. ಅದೇ ‘ಜಮ!’ ಎಂದು ಒರಟಾಗಿ ಕೂಗಿದರೆ ‘ಅಡ್ಡ ನಿಲ್ಲಬೇಡ, ಆಚೆ ಸರಿ’. ಚೀನೀ ಭಾಷೆಯಲ್ಲಿ ಅದೇ ಎರಡು ಅಕ್ಷರ ಇಂದಿಗೂ ದುಷ್ಟ ಪಿಶಾಚಿಯೇ. ಆದ್ದರಿಂದ ಚೀನಾದ ಸ್ನೇಹಿತರಿಗೆ ಇದನ್ನು ಬರೆದು ತೋರಿಸುವಾಗ ಸ್ವಲ್ಪ ಹುಷಾರು.

ಪ್ರಶ್ನೆ: ಹಾಗಾದರೆ ಜಪಾನಿಯಲ್ಲಿ ‘ಮ’ ಬಂದಲ್ಲೆಲ್ಲ ನಮ್ಮ ಮಾರ, ಮಾಯೆ ಅಂದುಕೊಳ್ಳಬಹುದಾ? ವಾಟ್ಸಾಪ್‌ನಲ್ಲಿ ಒಂದು ಉದ್ದನೆಯ ಪಟ್ಟಿ ಬಂದಿದೆ.
– ಓದುಗರು, ಧಾರವಾಡ

ಉತ್ತರ: ಬೇಡ. ಆ ಪಟ್ಟಿಯನ್ನು ಮುಂದಕ್ಕೆ ಕಳಿಸಲೂ ಬೇಡಿ. ‘ಮಹೋ’ಗೂ ಮಾಯೆಗೂ ಸಂಬಂಧವಿಲ್ಲ, ಅಲ್ಲಿ ‘ಹೋ’ ಅಂದರೆ ವಿಧಾನ, ಧರ್ಮ. ಆದರೆ ಪಟ್ಟಿ ಮಾಡಿದವರು ಒಂದು ನಿಜವಾದ ರತ್ನವನ್ನು ಬಿಟ್ಟಿರುತ್ತಾರೆ ಅಂತ ಬಾಜಿ ಕಟ್ಟುತ್ತೇನೆ. ಜಪಾನಿಯಲ್ಲಿ ಸಾಯುವ ಹೊತ್ತಿನ ಸಂಕಟಕ್ಕೆ ‘ದನ್‌ಮತ್ಸುಮ’ ಅನ್ನುತ್ತಾರೆ. ಕೊನೆಯಲ್ಲಿ ಇದೇ ದೆವ್ವದ ಅಕ್ಷರ ಇದೆ, ನೋಡಿದವರು ಮಾರ ಬಂದು ಪ್ರಾಣ ಒಯ್ಯುತ್ತಾನೆ ಅಂದುಕೊಳ್ಳುವುದು ಸಹಜ. ಅಲ್ಲ. ‘ಮತ್ಸುಮ’ ಅಂದರೆ ಮರ್ಮ! ನಾವು ‘ಮರ್ಮಕ್ಕೆ ಚುಚ್ಚಿದ’ ಅನ್ನುತ್ತೇವಲ್ಲ, ಅದೇ. ಮರ್ಮಗಳು ಕಡಿದುಹೋದಾಗ ಸಾವು ಬರುತ್ತದೆ ಎಂಬ ಇಲ್ಲಿನ ವೈದ್ಯದ ನಂಬಿಕೆ ಬೌದ್ಧ ಗ್ರಂಥಗಳ ಜೊತೆ ಹೋಯಿತು. ‘ದನ್’ ಅಂದರೆ ಕಡಿ. ಮಾರನಿಗೆಂದು ಕಟ್ಟಿದ ಅಕ್ಷರವನ್ನು ಇಲ್ಲಿ ಬರೀ ದನಿಗಾಗಿ ಎರವಲು ತಂದಿದ್ದಾರೆ.

ಪ್ರಶ್ನೆ: ಚೀನಾ, ಕೊರಿಯಾ, ವಿಯೆಟ್ನಾಂನಲ್ಲಿ ಈಗಲೂ ಈ ಅಕ್ಷರ ಬಳಕೆಯಲ್ಲಿದೆಯೇ?
– ಕಾಲೇಜು ವಿದ್ಯಾರ್ಥಿನಿ, ಮೈಸೂರು

ಉತ್ತರ: ಚೀನಾದಲ್ಲಿ ಧಾರಾಳವಾಗಿ. ಅಲ್ಲಿ ಈಗ ಉಚ್ಚಾರಣೆ ‘ಮೊ’. ಹಳೆಯ ‘ಅ’ಕಾರ ಚೀನೀ ಮಾತಿನಲ್ಲಿ ಆಮೇಲೆ ‘ಒ’ಕಾರವಾಯಿತು, ಜಪಾನ್, ಕೊರಿಯಾ, ವಿಯೆಟ್ನಾಂ ಮಾತ್ರ ಅದನ್ನು ಉಳಿಸಿಕೊಂಡವು. ಹಾಗಾಗಿ ನಮ್ಮ ಮಾರನಿಗೆ ಇವತ್ತು ಹತ್ತಿರ ಕೇಳುವುದು ಈ ಮೂರೇ. ಚೀನಾದಲ್ಲಿ ಜಾದೂ ಪ್ರದರ್ಶನ, ಮಕ್ಕಳು ತಿರುಗಿಸುವ ರೂಬಿಕ್ ಕ್ಯೂಬ್, ಚಪ್ಪಲಿಗೆ ಅಂಟಿಸುವ ವೆಲ್ಕ್ರೋ ಪಟ್ಟಿ, ಎಲ್ಲದರ ಹೆಸರಿನಲ್ಲೂ ಇದು ಕೂತಿದೆ. ಶಾಂಘೈ ನಗರದ ಅಡ್ಡಹೆಸರು ‘ಮೊದು’, ಅಂದರೆ ಮಾಯಾನಗರಿ, ಅದು ಜಪಾನಿನ ಮುರಾಮತ್ಸು ಶೋಫು ಆ ನಗರದ ಬಗ್ಗೆ 1924ರಲ್ಲಿ ತಂದ ಪುಸ್ತಕದ ಹೆಸರಿನಿಂದ ಬಂದದ್ದು. ಚೀನಾದಿಂದ ಹೋದ ಅಕ್ಷರ ಜಪಾನಿನಲ್ಲಿ ಹೊಸ ಬಣ್ಣ ಹಚ್ಚಿಕೊಂಡು ವಾಪಸ್ ಬಂತು.

ಕೊರಿಯಾದಲ್ಲಿ ಈಗ ಹಂಗುಲ್ ಲಿಪಿ, ಅಕ್ಷರ ಕಣ್ಣಿಗೆ ಬೀಳುವುದು ಅಪರೂಪ. ಪದ ಮಾತ್ರ ಗಟ್ಟಿ. ಅವರ ಫುಟ್‌ಬಾಲ್ ತಂಡದ ಅಭಿಮಾನಿಗಳು, 2002ರ ವಿಶ್ವಕಪ್‌ನಲ್ಲಿ ಕೆಂಪು ಅಂಗಿ ತೊಟ್ಟು ಬೀದಿ ತುಂಬಿದವರು, ‘ಬುಲ್ಗನ್ ಅಂಗ್ಮ’, ಅಂದರೆ ಕೆಂಪು ಸೈತಾನರು. ವಿಯೆಟ್ನಾಂನಲ್ಲಿ ರೋಮನ್ ಲಿಪಿ. ಅಲ್ಲಿ ‘ಮ’ ಅಂದರೆ ಸರಳವಾಗಿ ದೆವ್ವ, ಮಕ್ಕಳನ್ನು ಹೆದರಿಸುವ ಮನೆಮಾತು.

ಪ್ರಶ್ನೆ: ಈ ಅಕ್ಷರ ಬರೆಯಲು ಎಷ್ಟು ಗೆರೆ ಬೇಕು?
– ಜಪಾನಿ ಕಲಿಯುತ್ತಿರುವವರು, ಬೆಂಗಳೂರು

ಉತ್ತರ: ಜಪಾನಿನಲ್ಲಿ 21, ಚೀನಾದಲ್ಲಿ 20. ದೆವ್ವದ ಕಾಲಿನ ಒಂದು ಗೆರೆಯನ್ನು ಚೀನಾದವರು ತಲೆಯಿಂದಲೇ ಎಳೆದುಬಿಡುತ್ತಾರೆ, ಅಷ್ಟೇ ವ್ಯತ್ಯಾಸ. ನಿಮಗೆ ಕೈ ನೋವು ಬಂದರೆ ಜಪಾನಿನವರೇ ಮಾಡಿಕೊಂಡ ಕಳ್ಳದಾರಿ ಒಂದಿದೆ: ಸೂರನ್ನು ಬರೆದು ಅದರ ಕೆಳಗೆ ದನಿಯನ್ನಷ್ಟೇ ತೋರಿಸುವ ಜಪಾನಿನ ಕತಕಾನ ಲಿಪಿಯ ‘ಮ’ ಹಾಕಿದರೆ ಮುಗಿಯಿತು, ಒಟ್ಟು ಐದೇ ಗೆರೆ. ಟಿಪ್ಪಣಿ ಪುಸ್ತಕದಲ್ಲಿ ನಡೆಯುತ್ತದೆ. ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ.