ಕುದಿಸಿದರೆ ಹೋಗಲ್ಲ ಗುರು

'ಪಾರ್ಟಿ ಕೆಲಸ ಮಾಡ್ಕೊಂಡು ಚೆನ್ನಾಗಿದ್ದೆ, ಈಗ ನೀರಿನ ಹಿಂದೆ ಯಾಕೆ ಬಿದ್ದೆ? ಕುದಿಸಿ ಕುಡಿದರೆ ಆಗಲ್ವಾ?' ಅಂತ ಕೇಳಿದ್ದೀಯ. ಜೊತೆಗೆ 'ಪಾವಗಡ ಅಂದ್ರೆ ಆಂಧ್ರನೇ ಅಲ್ವಾ' ಅಂತ ಒಂದು ಬಾಲ ಬೇರೆ.

ಬಾಲದಿಂದಲೇ ಶುರು ಮಾಡುತ್ತೇನೆ. ನಮ್ಮದು ತುಮಕೂರು ಜಿಲ್ಲೆ. ತುಮಕೂರಿಗೆ ಹೋಗುವಾಗ ನಡುವೆ ಆಂಧ್ರ ದಾಟುತ್ತೇವೆ, ಅಷ್ಟೇ. ಪ್ರಚಾರದಲ್ಲಿ ನಾನು ಘೋಷಣೆ ಕನ್ನಡದಲ್ಲಿ ಕೂಗಿ, ಮನೆಬಾಗಿಲಲ್ಲಿ ವೋಟು ತೆಲುಗಿನಲ್ಲಿ ಕೇಳುತ್ತಿದ್ದೆ. ನಮಗೆ ಇದರಲ್ಲಿ ಗೊಂದಲವೇ ಇಲ್ಲ, ಇರುವುದೆಲ್ಲ ನಿಮಗೆ.

ಇನ್ನು ಕುದಿಸುವ ಮಾತು. ನಮ್ಮ ನೀರಿನಲ್ಲಿರೋದು ನೆಲದಡಿಯ ಕಲ್ಲಿನಿಂದ ಬಂದು ಸೇರುವ ಫ್ಲೋರೈಡ್. ಅದು ಜಾಸ್ತಿಯಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿದುಕೊಳ್ಳುತ್ತವೆ. ಅದು ಕುದಿಸಿದರೆ ಹೋಗಲ್ಲ. ನೀರು ಆವಿಯಾಗುತ್ತದೆ, ಅದು ಪಾತ್ರೆಯಲ್ಲೇ ಉಳಿಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ. ನೀರು ಪರೀಕ್ಷಿಸುವ ಕಿಟ್‌ನ ದ್ರಾವಣ ಬಿಟ್ಟಾಗ ನೀರು ಕೆಂಪಾಗೇ ನಿಂತರೆ ಪರವಾಗಿಲ್ಲ, ಹಳದಿಗೆ ತಿರುಗಿದರೆ ಕೆಟ್ಟದ್ದು. ನಮ್ಮ ಬೋರ್‌ವೆಲ್ ನೀರು ಹಾಕಿದ ತಕ್ಷಣ ಹಳದಿ.

ಮತದಾನದ ದಿನ ನಡೆಯಲಾಗದವರನ್ನು ಆಟೋದಲ್ಲಿ ತರುವುದು ನನ್ನ ಕೆಲಸವಾಗಿತ್ತು. ಅದಕ್ಕೊಂದು ಪಟ್ಟಿ ಇಟ್ಟಿದ್ದೆ. ಒಂದೇ ಬೀದಿಯಲ್ಲಿ ಸಾಲಾಗಿ ಹೆಸರು. ಕೆಲವರಿಗೆ ಐವತ್ತೂ ಆಗಿರಲಿಲ್ಲ. ಬೆನ್ನು ಬಗ್ಗಲ್ಲ, ಮಂಡಿ ಮಡಚಲ್ಲ. ಒಬ್ಬ ಅಜ್ಜಿ ಆಟೋ ಹತ್ತುವಾಗ, 'ವೋಟಿಗೆ ಗಾಡಿ ಕಳಿಸ್ತೀರಿ, ನೀರಿಗೆ ಯಾಕೆ ಕಳಿಸಲ್ಲ?' ಅಂದಳು. ಉತ್ತರ ಇರಲಿಲ್ಲ. ಅದೇ ಪಟ್ಟಿ ಹಿಡಿದು ಪಂಚಾಯಿತಿಗೆ, ತಾಲ್ಲೂಕು ಕಚೇರಿಗೆ ಅಲೆಯಲು ಶುರು ಮಾಡಿದೆ.

ಅಲೆದಿದ್ದಕ್ಕೆ ಶುದ್ಧ ನೀರಿನ ಘಟಕ ಬಂತು. ಅಸಲಿ ತಲೆನೋವು ಇಲ್ಲಿಂದ. ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬಬೇಕು. ಒಂದು ದಿನ ಕಾಯಿನ್ ಡಬ್ಬಿ ಸಿಕ್ಕಿಕೊಳ್ಳುತ್ತದೆ, ಇನ್ನೊಂದು ದಿನ ಕರೆಂಟ್ ಇಲ್ಲ. ತಿರುಮಣಿಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇಟ್ಟುಕೊಂಡ ತಾಲ್ಲೂಕು ನೋಡು ನಮ್ಮದು! ಫ್ಲೋರೈಡ್ ಸೋಸುವ ಪೊರೆ, ಅಂದ್ರೆ ಮೆಂಬ್ರೇನ್, ಬದಲಾಯಿಸಬೇಕಾದ ಗುತ್ತಿಗೆದಾರ ಫೋನ್ ಎತ್ತುವುದಿಲ್ಲ. ಮೆಂಬ್ರೇನ್ ಹಳೆಯದಾದರೆ ಘಟಕದ ನೀರೂ ಹಳದಿ. ಬೋರ್ಡ್ ಮಾತ್ರ 'ಶುದ್ಧ'.

ಇಷ್ಟರ ಮೇಲೆ ಗಡಿ. ಹೊಲದ ಬದು ದಾಟಿದರೆ ಆಂಧ್ರದ ಹಳ್ಳಿ. ಅವರೂ ಕ್ಯಾನ್ ಹಿಡಿದು ಸಾಲಿಗೆ ಬರುತ್ತಾರೆ. ಅರ್ಧ ಜನ ನಮ್ಮ ಬೀಗರೇ. 'ಅವರ ವೋಟು ಇಲ್ಲಿಲ್ಲ, ಯಾಕೆ ಕೊಡಬೇಕು?' ಅಂತ ಒಂದು ಗುಂಪು. ಗೇಟಲ್ಲಿ ಆಧಾರ್ ನೋಡೋಣ ಅಂದವರೂ ಇದ್ದಾರೆ. ಬೇಸಿಗೆಯಲ್ಲಿ ಇದೇ ಜಗಳ. ಬೋರ್‌ವೆಲ್ ಅವರ ಕಡೆಗೂ ಅದೇ ಕಲ್ಲನ್ನೇ ಕೊರೆದಿದೆ ಕಣ್ರೋ, ಅಂತ ಹೇಳಿ ಹೇಳಿ ಗಂಟಲು ಬತ್ತಿದೆ. ಹಾಗಂತ ನಮ್ಮೂರ ಹೆಂಗಸರು ಖಾಲಿ ಕ್ಯಾನ್ ಹೊತ್ತು ವಾಪಸ್ ಹೋಗುವ ದಿನ ನನಗೂ ಸಿಟ್ಟು ಬರುತ್ತದೆ, ಸುಳ್ಳು ಯಾಕೆ ಹೇಳಲಿ.

ತುಂಗಭದ್ರೆಯ ಹಿನ್ನೀರು ಪೈಪಿನಲ್ಲಿ ತರುವ ಯೋಜನೆ ಇದೆ. ಆ ನೀರು ಪ್ರತಿ ಮನೆಯ ನಲ್ಲಿಗೆ ತಪ್ಪದೆ ಬರುವವರೆಗೆ ಈ ಘಟಕವೇ ಗತಿ.

ಪಾರ್ಟಿಯವರು ಈಗಲೂ ಫೋನ್ ಮಾಡುತ್ತಾರೆ. 'ಮೈಕ್ ಹಿಡಿಯೋಕೆ ಬಾಪ್ಪಾ, ನಿನ್ನ ಧ್ವನಿ ಬೇಕು' ಅನ್ನುತ್ತಾರೆ. ಮೊದಲು ಒಂದು ಮೆಂಬ್ರೇನ್ ಕೊಡಿಸಿ ಅನ್ನುತ್ತೇನೆ. ಆಮೇಲೆ ಮಾಡ್ತೀವಿ ಅಂತ ಇಟ್ಟುಬಿಡುತ್ತಾರೆ.